ಗೂಡು ಕಟ್ಟಬೇಕಾಗಿಲ್ಲದ ಹುಳು

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಮೇಯಿಸುವ ಮನೆಗಳಲ್ಲಿ ನಡೆಯುವ ಮಾತುಕತೆಯೆಲ್ಲ ಸುತ್ತಿ ಬಳಸಿ ಗೂಡಿನ ಬಳಿಗೇ ಬಂದು ನಿಲ್ಲುತ್ತದೆ. ಸೊಪ್ಪು ಸಾಕಾಗುತ್ತದೆಯೇ, ಹುಳು ಎಷ್ಟನೇ ಜ್ವರಕ್ಕೆ (ಮೇವು ಬಿಟ್ಟು ಚರ್ಮ ಕಳಚುವ ಹಂತಕ್ಕೆ) ಕೂತಿದೆ, ಹಣ್ಣಾಗಲು, ಅಂದರೆ ಗೂಡು ಕಟ್ಟಲು ಸಿದ್ಧವಾಗಲು, ಇನ್ನೆಷ್ಟು ದಿನ, ಮಾರುಕಟ್ಟೆಯಲ್ಲಿ ಇವತ್ತು ಕೆಜಿ ಗೂಡು ಎಷ್ಟಕ್ಕೆ ಹೋಯಿತು: ಎಲ್ಲಿಂದ ಆರಂಭಿಸಿದರೂ ಕೊನೆಯ ಲೆಕ್ಕ ಗೂಡಿನದೇ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ, ತಾನು ಸಾಕಿಕೊಂಡಿರುವ ಬಿಯರ್ಡೆಡ್ ಡ್ರಾಗನ್ ಎಂಬ ಆಸ್ಟ್ರೇಲಿಯಾ ಮೂಲದ ಹಲ್ಲಿಗೆ ತಿನ್ನಿಸಲು ರೇಷ್ಮೆಹುಳು ಬೇಕೆಂದು ಕೇಳಿದಾಗ, ಮನೆಯವರಿಗೆ ಆ ಹಲ್ಲಿಗಿಂತಲೂ ವಿಚಿತ್ರವಾಗಿ ಕಂಡದ್ದು ಗೂಡು ಕಟ್ಟುವ ಮೊದಲೇ ಹುಳುವನ್ನು ಕೇಳಿದ್ದು. ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ ಗೂಡಿನೊಳಗಿನ ಜೀವ ಬಿಸಿ ಹಬೆಯಲ್ಲಿ ಸಾಯುತ್ತದೆಂಬುದು ಅಮ್ಮನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ಹುಳು ತನ್ನ ಕೆಲಸ ಮುಗಿಸಿ ಹೋಗಿರುತ್ತದೆ, ಇದು ಅರ್ಧದಲ್ಲೇ ಹೋಗುತ್ತದಲ್ಲ ಎಂಬುದು ಅವಳ ತಕರಾರಾಗಿತ್ತು. ಜ್ವರ ಏಳದೆ ಹಿಂದೆ ಬಿದ್ದ ಹುಳುಗಳನ್ನು ಆರಿಸಿ ಕೋಳಿಗಳಿಗೆ ಹಾಕುವಾಗ ನೀನೇನೂ ಅನ್ನುವುದಿಲ್ಲವಲ್ಲಮ್ಮ ಎಂದು ಅಣ್ಣ ನೆನಪಿಸಿದ ಮೇಲೆ ಆ ಚರ್ಚೆ ಮುಂದುವರಿಯಲಿಲ್ಲ.

ಆ ಬಳಿಕ ಈ ವಿಷಯವನ್ನು ನಾನು ಹುಳು ಮೇಯಿಸುವವರ ಕಡೆಯಿಂದಲೂ ಹಲ್ಲಿ ಸಾಕುವವರ ಕಡೆಯಿಂದಲೂ ನೋಡುತ್ತಾ ಬಂದಿದ್ದೇನೆ. ಹವ್ಯಾಸಿಗಳು ತಿಳಿದಿರುವಷ್ಟು ಸರಳವಾಗಿ ನಮ್ಮ ಜಿಲ್ಲೆಯ ಹುಳು ಅವರ ಪ್ರಾಣಿಗೆ ಆಹಾರವಾಗುವುದಿಲ್ಲ. ಇಲ್ಲಿನ ರೇಷ್ಮೆ ಸಾಕಾಣಿಕೆಯ ಪ್ರತಿಯೊಂದು ಕ್ರಮವೂ ಒಳ್ಳೆಯ ಗೂಡಿಗಾಗಿ ರೂಪುಗೊಂಡದ್ದು. ಅದೇ ಹುಳುವನ್ನು ತಿನ್ನಿಸಲು ಬೆಳೆಸುವವರು ಆ ಕ್ರಮಗಳಲ್ಲಿ ಅರ್ಧದಷ್ಟನ್ನು ಬಿಡಬೇಕಾಗುತ್ತದೆ, ಉಳಿದರ್ಧವನ್ನು ರೈತನಿಗಿಂತಲೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ.

ಆಹಾರವಾಗಿ ಈ ಹುಳು ಯೋಗ್ಯವೇ ಎಂಬುದರಲ್ಲಿ ಹೆಚ್ಚು ವಿವಾದವಿಲ್ಲ. ಇದರ ಮೈ ಮೆತ್ತಗಿದ್ದು, ಜೀರುಂಡೆಯಂಥ ಕೀಟಗಳಲ್ಲಿರುವ ಗಟ್ಟಿ ಹೊರಕವಚ ಇದಕ್ಕಿಲ್ಲ. ತೂಕದ ಐದರಲ್ಲಿ ನಾಲ್ಕು ಭಾಗ ನೀರೇ ಆಗಿರುವುದರಿಂದ ನೀರಿನ ಬಟ್ಟಲನ್ನು ಮೂಸಿಯೂ ನೋಡದ ಪ್ರಾಣಿಗಳಿಗೆ ಇದೊಂದು ಅನುಕೂಲ. ಕೊಬ್ಬು ಶೇ. 1ರಿಂದ 2ರಷ್ಟು ಮಾತ್ರ. ಸಾಕುಪ್ರಾಣಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮೀಲ್‌ವರ್ಮ್‌ನಲ್ಲಿ ಅದು ಶೇ. 10ನ್ನು ಮೀರುತ್ತದೆ. ಆದರೆ ಸುಣ್ಣದ ಅಂಶದ ವಿಷಯದಲ್ಲಿ ರೇಷ್ಮೆಹುಳುವನ್ನು ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಹುತೇಕ ಕೀಟಗಳಂತೆ ಇದರಲ್ಲಿಯೂ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಹಲ್ಲಿಯ ಮೂಳೆಗೆ ಬೇಕಾದದ್ದು ಅದರ ತಿರುಗುಮುರುಗು. ಆದ್ದರಿಂದ ಹುಳುವಿನ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿಯೇ ಕೊಡಬೇಕು, ಆ ಕ್ಯಾಲ್ಸಿಯಂ ಮೈಗೆ ಹತ್ತಲು ಪಂಜರದಲ್ಲಿ ಯುವಿ-ಬಿ ದೀಪವೂ ಇರಬೇಕು. ಇವೆರಡೂ ಇಲ್ಲದಿದ್ದರೆ ಎಂಥ ಹುಳು ತಿನ್ನಿಸಿದರೂ ಮರಿಗಳ ದವಡೆಯೂ ಕಾಲಿನ ಮೂಳೆಯೂ ಮೆದುವಾಗಿ ಬಾಗುತ್ತವೆ. ಇನ್ನು ರೇಷ್ಮೆಹುಳುವಿನಲ್ಲಿ ಊತ ಇಳಿಸುವ ಕಿಣ್ವವಿದೆ, ಅದರಿಂದ ಪ್ರಾಣಿಯ ಆರೋಗ್ಯ ವಿಶೇಷವಾಗಿ ಸುಧಾರಿಸುತ್ತದೆ ಎಂಬ ಮಾತೊಂದು ಹವ್ಯಾಸಿಗಳ ನಡುವೆ ಓಡಾಡುತ್ತಿರುತ್ತದೆ. ಆ ಕಿಣ್ವ ಬಂದದ್ದು ಹುಳುವಿನಿಂದಲ್ಲ. 1960ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರೇಷ್ಮೆಹುಳುವಿನ ಕರುಳಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ; ನಮ್ಮ ಔಷಧಿ ಅಂಗಡಿಗಳಲ್ಲಿ ಊತಕ್ಕೆ ಕೊಡುವ ಸೆರಾಷಿಯೋಪೆಪ್ಟಿಡೇಸ್ ಮಾತ್ರೆ ಅದೇ. ಪ್ರತಿ ಹುಳುವಿನಲ್ಲಿಯೂ ಆ ಮಾತ್ರೆ ಅಡಗಿದೆಯೆಂದು ನಂಬಲು ಕಾರಣವಿಲ್ಲ.

ಈಗ ಸಾಕಾಣಿಕೆಯ ಕ್ರಮಕ್ಕೆ ಬರೋಣ. ರೈತನ ಮೊದಲ ಗುರಿ ಸಮನಾದ ಬೆಳವಣಿಗೆ. ಮೊಟ್ಟೆಯ ತುದಿಯಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡ ಕೂಡಲೇ ಮೊಟ್ಟೆಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಟ್ಟು, ಎರಡು ದಿನ ಕಳೆದ ಮೇಲೆ ಬೆಳಗಿನ ಹೊತ್ತು ಬೆಳಕಿಗೆ ಒಡ್ಡುವುದು ಎಲ್ಲ ಮರಿಗಳೂ ಒಂದೇ ಬೆಳಗಿನಲ್ಲಿ ಹೊರಬರಲೆಂದು. ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಹುಳುಗಳ ಕೆಳಗಿನ ಸೊಪ್ಪಿನ ಹಾಸಿಗೆ ಒಣಗಲು ಸುಣ್ಣದ ಪುಡಿ ಉದುರಿಸಿ, ಹೆಚ್ಚುಕಡಿಮೆ ಎಲ್ಲವೂ ಜ್ವರ ಎದ್ದ ಮೇಲೆಯೇ ಮತ್ತೆ ಸೊಪ್ಪು ಹಾಕುವುದೂ ಅದಕ್ಕೇ. ಚಾಕಿ ಹುಳುಗಳಿಗೆ, ಅಂದರೆ ಎರಡನೇ ಜ್ವರದವರೆಗಿನ ಮರಿಗಳಿಗೆ, 27ರಿಂದ 28 ಡಿಗ್ರಿ ಶಾಖ, ತುಂಬು ತೇವಾಂಶ. ದೊಡ್ಡ ಹುಳುಗಳಿಗೆ 24ರಿಂದ 25 ಡಿಗ್ರಿ, ಒಳ್ಳೆಯ ಗಾಳಿ. ಹೀಗೆ ನಡೆದರೆ ಇಪ್ಪತ್ತೈದು ದಿನಗಳ ಆಚೀಚೆ ಇಡೀ ಮನೆಯ ಹುಳು ಒಟ್ಟಿಗೆ ಹಣ್ಣಾಗಿ, ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಏರುತ್ತದೆ, ಗೂಡು ಒಂದೇ ದಿನ ಮಾರುಕಟ್ಟೆಗೆ ಹೋಗುತ್ತದೆ.

ಹಲ್ಲಿ ಸಾಕುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರೆಯಿಲ್ಲ. ಒಂದು ಚಿಟ್ಟೆಯ ಮೊಟ್ಟೆಯಿಂದ ನಾನೂರೈನೂರು ಮರಿಗಳು ಬರುತ್ತವೆ. ಮೊದಲ ವಾರದಲ್ಲಿ ಅವು ಯಾವ ಪ್ರಾಣಿಯ ಕಣ್ಣಿಗೂ ಬೀಳದಷ್ಟು ಸಣ್ಣವು. ನಾಲ್ಕನೇ ಜ್ವರ ಎದ್ದು ಕೆಲವೇ ದಿನಗಳಲ್ಲಿ ಬೆರಳುದ್ದ ಬೆಳೆದು, ಸಣ್ಣ ಪ್ರಾಣಿಗಳ ಬಾಯಿಗೆ ಹಿಡಿಸದಂತಾಗುತ್ತವೆ. ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪನೆಯ ಹುಳುವನ್ನು ಕೊಡಬಾರದೆಂಬ ರೂಢಿಯ ಅಳತೆಯನ್ನು ಪಾಲಿಸುವುದಾದರೆ, ಒಂದು ತಂಡದ ಹುಳುಗಳಲ್ಲಿ ಸರಿಯಾದ ಗಾತ್ರ ಸಿಗುವುದು ನಾಲ್ಕಾರು ದಿನ ಮಾತ್ರ. ಆದ್ದರಿಂದ ಅವರಿಗೆ ಬೇಕಾದದ್ದು ಏರುಪೇರು. ಚಾಕಿ ಹುಳುಗಳನ್ನು ತಂದ ಕೂಡಲೇ ಎರಡು ಮೂರು ತಟ್ಟೆಗಳಿಗೆ ಹಂಚಿ, ಒಂದನ್ನು ಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟು ಹೊಟ್ಟೆತುಂಬ ಸೊಪ್ಪು ಹಾಕುವುದು, ಇನ್ನೊಂದನ್ನು 20 ಡಿಗ್ರಿಯ ಆಸುಪಾಸಿನ ತಂಪಿನಲ್ಲಿಟ್ಟು ಸೊಪ್ಪಿನ ಸರದಿ ಕಡಿಮೆ ಮಾಡುವುದು: ರೈತನ ಕಣ್ಣಿಗೆ ಹುಳು ಕೆಡಿಸುವ ಕೆಲಸವಾಗಿ ಕಾಣುವ ಇದೇ ಇಲ್ಲಿ ಸರಿಯಾದ ಸಾಕಾಣಿಕೆ. ನಮ್ಮ ಕಡೆಯ ಡಿಸೆಂಬರ್ ಜನವರಿಯ ಚಳಿಯಲ್ಲಿ ಇದಕ್ಕೆ ಯಾವ ಯಂತ್ರವೂ ಬೇಡ. ಆದರೆ ಹುಳುಗಳನ್ನೇ ಫ್ರಿಜ್ಜಿನಲ್ಲಿಡುವುದು ಸಲ್ಲದು. ಅಷ್ಟು ಚಳಿಗೆ ಅವು ಮೇವು ಬಿಟ್ಟು ಸೊರಗುತ್ತವೆ, ಸೊರಗಿದ ಹುಳುವಿಗೆ ರೋಗ ಬೇಗ ಅಂಟುತ್ತದೆ. ಫ್ರಿಜ್ಜಿನಲ್ಲಿಡಬೇಕಾದದ್ದು ಸೊಪ್ಪು, ಅದೂ ನೀರಿನ ಪಸೆಯಿಲ್ಲದಂತೆ ಒರೆಸಿ ಚೀಲದಲ್ಲಿ ಕಟ್ಟಿ. ಒದ್ದೆ ಸೊಪ್ಪು ಹಾಕಬಾರದೆಂಬ ಹಳ್ಳಿಯ ಪಾಠ ಪೇಟೆಯ ಫ್ಲ್ಯಾಟಿಗೂ ಅಷ್ಟೇ ಸಲ್ಲುತ್ತದೆ.

ಎರಡನೆಯದು ಪುಡಿ ಮತ್ತು ಸಿಂಪಡಣೆಯ ವಿಷಯ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ, ಹವ್ಯಾಸಿಗಳು ಅತಿ ಕಡಿಮೆ ಯೋಚಿಸುವುದೂ ಇಲ್ಲಿಯೇ. ಹುಳು ಮನೆಯನ್ನು ಪ್ರತಿ ಬೆಳೆಗೆ ಮುಂಚೆ ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣದಿಂದ ತೊಳೆಯುತ್ತಾರೆ. ಅದರ ಮೇಲೆ, ಪ್ರತಿ ಜ್ವರ ಎದ್ದಾಗಲೂ ಕೊನೆಯ ಹಂತದ ನಡುವೆಯೂ ರೋಗ ತಡೆಯಲು ವಿಜೇತದಂಥ ಹಾಸಿಗೆ ಪುಡಿಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹುಳುಗಳ ಮೈಮೇಲೆಯೇ ಉದುರಿಸುತ್ತಾರೆ. ಇಂಥ ಪುಡಿಗಳಲ್ಲಿ ಕೆಲವಕ್ಕೆ ಸುಣ್ಣದ ಜೊತೆಗೆ ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ರೋಗಾಣುನಾಶಕ ಬೆರೆತಿರುತ್ತದೆ. ಗೂಡಿನ ಮಟ್ಟಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಆ ಪುಡಿ ಮೆತ್ತಿದ ಹುಳುವನ್ನು ಹಾಗೆಯೇ ಹಲ್ಲಿಯ ಬಾಯಿಗೆ ಕೊಡುವುದು ಬೇರೆ ಮಾತು. ನಾವು ಅನುಸರಿಸುವ ಕ್ರಮವೆಂದರೆ, ಹುಳುಗಳನ್ನು ಸಣ್ಣದಿರುವಾಗಲೇ ಬೇರೆ ತಟ್ಟೆಗೆ ವರ್ಗಾಯಿಸಿ, ಪುಡಿ ಹಾಕದೆ, ಅಲ್ಲಿ ಒಂದು ಜ್ವರವಾದರೂ ಕಳೆಯುವವರೆಗೆ ಕಾಯುವುದು. ಜ್ವರ ಎದ್ದಾಗ ಹುಳು ಹಳೆಯ ಚರ್ಮವನ್ನು ಪುಡಿಯ ಸಮೇತ ಕಳಚಿ ಬರುತ್ತದೆ. ಎಲ್ಲ ಹುಳುಗಳೂ ಒಂದೇ ಸಲ ಹಣ್ಣಾಗಲೆಂದು ಕೊನೆಯಲ್ಲಿ ಸೊಪ್ಪಿಗೆ ಚಿಮುಕಿಸುವ ‘ಸಂಪೂರ್ಣ’ದಂಥ ಹಾರ್ಮೋನು ದ್ರಾವಣವೂ ತಿನ್ನಿಸುವ ಹುಳುಗಳಿಗೆ ಬೇಡ, ಅವು ಹಣ್ಣಾಗುವುದೇ ನಮಗೆ ಬೇಕಿಲ್ಲ.

ಸೊಪ್ಪಿನ ಮಾತು ಇನ್ನೂ ಸೂಕ್ಷ್ಮ. ಕೀಟನಾಶಕ ಬಿದ್ದ ಸೊಪ್ಪು ತಿಂದ ಹುಳು ಹಸಿರು ವಾಂತಿ ಮಾಡಿ ಒದ್ದಾಡಿ ಸಾಯುವುದನ್ನು ನೋಡಿದವರು, ಹುಳು ಬದುಕಿದೆಯೆಂದರೆ ಸೊಪ್ಪು ಶುದ್ಧವೆಂದು ಭಾವಿಸುತ್ತಾರೆ. ಆ ತರ್ಕ ಕೀಟನಾಶಕದ ಮಟ್ಟಿಗೆ ಬಹುಪಾಲು ಸರಿ, ಏಕೆಂದರೆ ರೇಷ್ಮೆಹುಳು ಅದಕ್ಕೆ ಬಹಳ ಸೂಕ್ಷ್ಮ. ಆದರೆ ಶಿಲೀಂಧ್ರನಾಶಕಗಳ ಮಟ್ಟಿಗೆ ಅದನ್ನು ನೆಚ್ಚುವಂತಿಲ್ಲ. ಚಿಕ್ಕಬಳ್ಳಾಪುರದ ಸುತ್ತಮುತ್ತ ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟ ಒಂದೇ ಬದುವಿನ ಆಚೆ ಈಚೆ ಇರುವುದು ಸಾಮಾನ್ಯ. ಮೋಡ ಕವಿದ ದಿನಗಳಲ್ಲಿ ದ್ರಾಕ್ಷಿಗೆ ಬೂಜು ರೋಗ ತಗುಲದಂತೆ ಮೇಲಿಂದ ಮೇಲೆ ಹೊಡೆಯುವ ಔಷಧಿಯ ಹನಿ ಗಾಳಿಯಲ್ಲಿ ಈ ಕಡೆಗೆ ಬಂದು ಬಿದ್ದರೂ ಹುಳು ಸಾಯದಿರಬಹುದು, ಬಿದ್ದದ್ದು ಯಾರಿಗೂ ತಿಳಿಯದಿರಬಹುದು. ಎಲೆ ಮುದುಡಿಸುವ ತುಕ್ರಾ ಬಂದ ತೋಟದಲ್ಲಿ ಹಿಟ್ಟು ತಿಗಣೆಗೆ ಔಷಧಿ ಹೊಡೆದು, ಕಾಯಬೇಕಾದ ದಿನ ಕಾಯದೆ ಕೊಯ್ದ ಸೊಪ್ಪು ಕೂಡ ಅಷ್ಟೇ ಅಪಾಯಕಾರಿ. ಆದ್ದರಿಂದ ಈ ಕೆಲಸಕ್ಕೆ ನಾವು ಮನೆಯ ಹಿತ್ತಿಲಲ್ಲಿ ಬೇರೆಯಾಗಿ ನೆಟ್ಟ ಗಿಡಗಳ ಸೊಪ್ಪನ್ನೇ ಬಳಸುತ್ತೇವೆ. ವಿ-1 ತಳಿಯ ಹಿಪ್ಪುನೇರಳೆ ಗಿಡ ಕುಂಡದಲ್ಲಿಯೂ ಬರುತ್ತದೆ. ಆದರೆ ಒಂದು ಹುಳು ತನ್ನ ಜೀವಮಾನದಲ್ಲಿ ಸುಮಾರು 20 ಗ್ರಾಂ ಸೊಪ್ಪು ತಿನ್ನುತ್ತದೆ, ಅದರಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗ ಖರ್ಚಾಗುವುದು ಕೊನೆಯ ಒಂದು ವಾರದಲ್ಲಿ. ಬಾಲ್ಕನಿಯ ನಾಲ್ಕು ಕುಂಡಗಳನ್ನು ನಂಬಿ ನಾನೂರು ಹುಳು ತಂದವರು ಮೂರನೇ ವಾರದಲ್ಲಿ ಬರಿ ಕಡ್ಡಿ ನೋಡುತ್ತಾ ಕೂರಬೇಕಾಗುತ್ತದೆ. ಸೊಪ್ಪಿನ ಪುಡಿ, ಸೋಯಾ ಹಿಟ್ಟು, ಅಗರ್ ಸೇರಿಸಿ ಬೇಯಿಸಿದ ಕೃತಕ ಆಹಾರವನ್ನು ವಿದೇಶಗಳ ಹವ್ಯಾಸಿಗಳು ಬಳಸುತ್ತಾರೆ. ಎಲೆಯ ರುಚಿ ಹತ್ತಿದ ಹುಳುಗಳು ನಡುವೆ ಅದಕ್ಕೆ ಸುಲಭವಾಗಿ ಬಾಯಿಡುವುದಿಲ್ಲ. ಹಿಪ್ಪುನೇರಳೆ ಬೆಳೆಯುವ ಸೀಮೆಯಲ್ಲಿ ಕೂತು ಆ ಪಾಡು ಪಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮೂರನೆಯದು ರೋಗ. ಇಲ್ಲಿ ಮಾತ್ರ ರೈತನ ಶಿಸ್ತಿನಲ್ಲಿ ಒಂದಂಶವನ್ನೂ ಬಿಡುವಂತಿಲ್ಲ. ಹಾಲುತೊಂಡೆಯಲ್ಲಿ ಹುಳು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ. ಸಪ್ಪೆ ರೋಗದಲ್ಲಿ ಮೈ ಸಡಿಲವಾಗಿ, ಸತ್ತ ಮೇಲೆ ಕಪ್ಪಾಗಿ ನಾರುತ್ತದೆ. ಸುಣ್ಣಕಟ್ಟಿನಲ್ಲಿ ಸತ್ತ ಹುಳು ಸೀಮೆಸುಣ್ಣದ ಹಾಗೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಹಾಲುತೊಂಡೆಯ ವೈರಾಣು ಕೀಟಗಳ ಗುಂಪಿಗೆ ಸೀಮಿತವಾದದ್ದು, ಹಲ್ಲಿಗೆ ಅಂಟುವುದಿಲ್ಲ. ಆದರೂ ಕೊಳೆಯತೊಡಗಿದ ಹುಳುವನ್ನು ತಿನ್ನಿಸಲು ಅದೊಂದು ನೆಪವಾಗಬಾರದು. ಸುಣ್ಣಕಟ್ಟು ತರುವ ಬ್ಯೂವೇರಿಯಾ ಶಿಲೀಂಧ್ರವಾದರೋ ಸೆರೆಯಲ್ಲಿಟ್ಟು ಸಾಕಿದ ಮೊಸಳೆ ಜಾತಿಯ ಪ್ರಾಣಿಯ ಶ್ವಾಸಕೋಶಕ್ಕೆ ತಗುಲಿ ಅದನ್ನು ಕೊಂದ ಅಪರೂಪದ ವರದಿಯೂ ಉಂಟು. ಬೆಳೆ ಕೆಟ್ಟ ರೈತರು, ಹೇಗೂ ತಿಪ್ಪೆಗೆ ಹೋಗುವುದೇ, ನಿಮ್ಮ ಹಲ್ಲಿಗೆ ಒಯ್ಯಿರಿ ಎಂದು ತಟ್ಟೆಗಟ್ಟಲೆ ಹುಳುಗಳನ್ನು ಪುಕ್ಕಟೆಯಾಗಿ ಕೊಡಲು ಮುಂದಾಗುತ್ತಾರೆ. ಒಳ್ಳೆಯ ಮನಸ್ಸಿನಿಂದ ಕೊಡುವ ಆ ಹುಳುಗಳನ್ನು ನಯವಾಗಿಯೇ ಬೇಡವೆನ್ನಬೇಕು. ಅವು ಹೋಗಬೇಕಾದದ್ದು ಸುಣ್ಣ ಹಾಕಿದ ಗುಂಡಿಗೆ ಅಥವಾ ಬೆಂಕಿಗೆ.

ಇಷ್ಟೆಲ್ಲ ಒಪ್ಪಿದ ಮೇಲೆ ನಮ್ಮ ಹುಡುಗ ಮುಂದಿಟ್ಟ ಪ್ರಶ್ನೆ ಇನ್ನೊಂದು: “ಚಿಕ್ಕಪ್ಪ, ಉಳಿದ ಹುಳು ಗೂಡು ಕಟ್ಟಲಿ ಬಿಡಿ, ಚಿಟ್ಟೆ ಬಂದು ಮೊಟ್ಟೆಯಿಟ್ಟರೆ ಪ್ರತಿ ಸಲ ನಿಮ್ಮನ್ನು ಕೇಳುವುದೇ ತಪ್ಪುತ್ತದಲ್ಲ?” ಕೇಳಲು ನ್ಯಾಯವಾದ ಮಾತೇ. ಚಿಟ್ಟೆ ಮಾಡಿಸುವುದು ಕಷ್ಟದ ಕೆಲಸವಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಿಗೆ, ಮುಂಜಾವದಲ್ಲಿ ಚಿಟ್ಟೆಗಳು ಹೊರಬರುತ್ತವೆ. ಅವುಗಳಿಗೆ ಹಾರಲೂ ಬಾರದು, ತಿನ್ನಲೂ ಆಗದು. ಹೆಣ್ಣು ಕೂತಲ್ಲೇ ಕೂತು ವಾಸನೆ ಬಿಡುತ್ತದೆ, ಗಂಡು ರೆಕ್ಕೆ ಬಡಿಯುತ್ತಾ ಹುಡುಕಿಕೊಂಡು ಬರುತ್ತದೆ. ಆ ವಾಸನೆಯ ದ್ರವ್ಯವನ್ನು ಜರ್ಮನಿಯ ಬ್ಯೂಟೆನಾಂಟ್ 1959ರಲ್ಲಿ ಬೇರ್ಪಡಿಸಲು ಸುಮಾರು ಐದು ಲಕ್ಷ ಚಿಟ್ಟೆಗಳು ಬೇಕಾದವು. ಮೂರು ನಾಲ್ಕು ಗಂಟೆ ಜೋಡಿಯಾಗಿ ಬಿಟ್ಟು, ಆಮೇಲೆ ಬಿಡಿಸಿ, ಹೆಣ್ಣನ್ನು ಕಾಗದದ ಮೇಲೆ ಕತ್ತಲಲ್ಲಿಟ್ಟರೆ ಮರುದಿನದೊಳಗೆ ಮೊಟ್ಟೆಗಳು ಸಿದ್ಧ. ಹಳೆಯ ಮೈಸೂರು ತಳಿಯ ಮೊಟ್ಟೆಯಾದರೆ ಹತ್ತು ದಿನಗಳಲ್ಲಿ ಒಡೆಯುತ್ತದೆ. ಈಗ ಹಲವರು ಮೇಯಿಸುವ, ಸಹಜವಾಗಿ ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ಬೈವೋಲ್ಟೈನ್ ಹುಳುವಿನದಾದರೆ ಮೊಟ್ಟೆ ಎರಡು ಮೂರು ದಿನಗಳಲ್ಲಿ ಬೂದು ಬಣ್ಣಕ್ಕೆ ತಿರುಗಿ ನಿದ್ದೆಗೆ ಬೀಳುತ್ತದೆ. ತಿಂಗಳುಗಟ್ಟಲೆ ಚಳಿಯಲ್ಲಿಟ್ಟ ಮೇಲೋ ಅಥವಾ ಸಕಾಲದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದರೋ ಮಾತ್ರ ಎಚ್ಚರಗೊಳ್ಳುತ್ತದೆ. ಮಿಶ್ರ ತಳಿಯ ಗೂಡಿನಿಂದ ಮತ್ತೆ ಮರಿ ಮಾಡಿದರೆ ಎರಡನೇ ಪೀಳಿಗೆ ಹಿರಿದು ಕಿರಿದಾಗಿ ಬೆಳೆಯುತ್ತದೆ, ಗೂಡೂ ಒಂದೇ ಸಮನಿರುವುದಿಲ್ಲ ಎಂದು ರೈತರು ಅದರ ಗೊಡವೆಗೆ ಹೋಗುವುದಿಲ್ಲ. ಹಲ್ಲಿಯ ಊಟಕ್ಕೆ ಆ ಏರುಪೇರು ವರವೇ ಸರಿ ಎಂದು ನನಗೂ ಒಮ್ಮೆ ಅನ್ನಿಸಿದ್ದುಂಟು.

ಹಾಗಿದ್ದೂ ನಾನು ಇದಕ್ಕೆ ಒಪ್ಪಲಿಲ್ಲ, ಕಾರಣ ಗಂಟುರೋಗ. ಈ ರೋಗದ ಸೂಕ್ಷ್ಮಾಣು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. ಮೊದಲ ಪೀಳಿಗೆಯಲ್ಲಿ ಕಣ್ಣಿಗೆ ಏನೂ ಕಾಣದಿರಬಹುದು, ಎರಡು ಮೂರು ಪೀಳಿಗೆಗಳಲ್ಲಿ ಇಡೀ ತಳಿಯೇ ನೆಲ ಕಚ್ಚುತ್ತದೆ. 1865ರಿಂದ 1870ರವರೆಗೆ ದಕ್ಷಿಣ ಫ್ರಾನ್ಸಿನಲ್ಲಿ ಈ ರೋಗದ ಬೆನ್ನು ಹತ್ತಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಡುವ ಕ್ರಮವನ್ನು ಗಟ್ಟಿಗೊಳಿಸಿದರು. ಇಂದಿಗೂ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಮೂಲತಃ ಅದೇ ಪರೀಕ್ಷೆ. ಮಾರಾಟಕ್ಕೆ ಮೊಟ್ಟೆ ತಯಾರಿಸುವವರು ನೋಂದಣಿ ಮಾಡಿಸಿರಬೇಕೆಂಬ ನಿಯಮ 1948ರ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಿಂದ ಬಂದಿತು. ಪರೀಕ್ಷೆಯಿಲ್ಲದೆ ಪೀಳಿಗೆಯ ಮೇಲೆ ಪೀಳಿಗೆ ಬೆಳೆಸುವ ಒಂದು ಸಣ್ಣ ಡಬ್ಬಿ, ಹುಳುವೇ ಇಲ್ಲದ ಊರಿನಲ್ಲಿದ್ದರೆ ಹೆಚ್ಚೆಂದರೆ ಅದರ ಒಡೆಯನಿಗೆ ನಷ್ಟ. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಇದ್ದರೆ ಅದರಿಂದ ಅಕ್ಕಪಕ್ಕದ ಹತ್ತಾರು ಮನೆಗಳ ಬೆಳೆಗೆ ಸಂಚಕಾರ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದದ್ದೇ 1980ರಲ್ಲಿ, ಪಶ್ಚಿಮ ಬಂಗಾಳದಿಂದ ಸಾಗಿಸಿದ ಗೂಡುಗಳ ಜೊತೆಯಲ್ಲಿ. ಇವತ್ತಿಗೂ ಕಿಟಕಿ ಬಾಗಿಲುಗಳಿಗೆಲ್ಲ ಜಾಲರಿ ಬಡಿದುಕೊಂಡು ಕೂತಿರುವ ನಮಗೆ, ಜೀವಂತ ಹುಳು ಮತ್ತು ಗೂಡನ್ನು ಊರಿಂದೂರಿಗೆ ಒಯ್ಯುವುದು ಸಣ್ಣ ವಿಷಯವಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಸಲವೂ ಪರೀಕ್ಷೆಯಾದ ಮೊಟ್ಟೆಯಿಂದ ಬಂದ ಚಾಕಿ ಹುಳುಗಳನ್ನೇ ಒಯ್ಯಬೇಕು, ಉಳಿದವು ಚಿಟ್ಟೆಯಾದರೆ ಆ ಚಿಟ್ಟೆಗಳನ್ನೂ ಹಲ್ಲಿಗೇ ಹಾಕಬೇಕು ಎಂಬುದು ನಮ್ಮ ನಡುವೆ ಆದ ತೀರ್ಮಾನ. ಅವನ ಹಲ್ಲಿ ಚಿಟ್ಟೆಗಳನ್ನು ಹುಳುಗಳಿಗಿಂತ ಆಸೆಯಿಂದ ತಿನ್ನುತ್ತದೆಯಂತೆ.

ರೀಲಿಂಗ್ ಘಟಕಗಳಲ್ಲಿ ರಾಶಿ ಬೀಳುವ ಬೆಂದ ಕೋಶಗಳನ್ನು (ಪ್ಯೂಪಾಗಳನ್ನು) ಅಗ್ಗವೆಂದು ತಿನ್ನಿಸಬಹುದೇ ಎಂದು ಕೇಳುವವರಿದ್ದಾರೆ. ಒಣಗಿಸಿ ಮೀನು, ಕೋಳಿಗಳ ಮೇವಿಗೆ ಹೋಗುವ ಆ ಕೋಶಗಳಲ್ಲಿ ಎಣ್ಣೆ ಬಹಳ, ಬೇಗ ಕಮಟಾಗುತ್ತವೆ. ಮೇಲಾಗಿ ಅಲುಗಾಡದ ವಸ್ತುವನ್ನು ಅನೇಕ ಹಲ್ಲಿಗಳು ಆಹಾರವೆಂದೇ ಗುರುತಿಸುವುದಿಲ್ಲ.

ಸಾಕುವ ಪ್ರಾಣಿಯ ವಿಷಯದಲ್ಲಿ ಕಾನೂನು ಏನನ್ನುತ್ತದೆಂಬುದನ್ನೂ ಹುಳು ಕೇಳಿ ಬರುವವರಿಗೆ ನಾನು ಹೇಳುತ್ತೇನೆ. ನಮ್ಮ ಕುರುಚಲು ಕಾಡುಗಳ ನಕ್ಷತ್ರ ಆಮೆ, ಉಡ, ಗೋಸುಂಬೆ ಇವೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅವುಗಳನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿಯ ನಂತರ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪ್ರಕಾರ ಕಾಯ್ದೆಯ ಅನುಸೂಚಿಗೆ ಸೇರಿದ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರೂ ನೋಂದಣಿ ಮಾಡಿಸಬೇಕು. ಗೋಸುಂಬೆಗೆಂದು ಹುಳು ಕೇಳಿದವರಿಗೆ ನಮ್ಮ ಮನೆಯಲ್ಲಿ ಹುಳುವಿಲ್ಲ.

ಹಣದ ಮಾತು ಬಂದಾಗ ಅತ್ತಿಗೆಯವರ ಲೆಕ್ಕ ಚುರುಕು. ಬೈವೋಲ್ಟೈನ್ ಗೂಡು ಕೆಜಿಗೆ ಸುಮಾರು 600 ತೂಗುತ್ತವೆ. ಕೆಜಿಗೆ 600 ರೂಪಾಯಿ ಸಿಕ್ಕ ದಿನ ಒಂದು ಹುಳುವಿನ ಇಡೀ ಬಾಳಿಗೆ ಒಂದು ರೂಪಾಯಿ. ಹುಡುಗನ ಸ್ನೇಹಿತರು ಅದಕ್ಕಿಂತ ಹೆಚ್ಚು ಕೊಡಲು ಸಿದ್ಧರಿದ್ದಾರೆ, ಅದೂ ಅರ್ಧ ಬೆಳೆದ ಹುಳುವಿಗೆ. ಆದರೆ ನೂರು ಚಿಟ್ಟೆಗಳ ಮೊಟ್ಟೆ ಮೇಯಿಸುವ ಮನೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹುಳುಗಳಿರುತ್ತವೆ, ಹಲ್ಲಿ ಸಾಕುವ ಹತ್ತು ಮನೆಗಳು ಸೇರಿದರೂ ತಿಂಗಳಿಗೆ ಒಂದೆರಡು ಸಾವಿರ ಖಾಲಿಯಾಗುವುದೇ ಕಷ್ಟ. ಇದು ಕಸುಬಾಗುವುದಿಲ್ಲ, ಪಕ್ಕದ ಸಂಪಾದನೆಯಾದೀತು ಅಷ್ಟೆ ಎಂದು ಅವರು ಹೇಳಿದ್ದು ಸರಿಯಾಗಿದೆ. ಅವರು ಹಾಕಿದ ಷರತ್ತು ಒಂದೇ. ಹಿತ್ತಿಲ ಕೋಣೆಯ ತಟ್ಟೆಗಳನ್ನು ಮುಟ್ಟಿದವರು ಕೈಕಾಲು ತೊಳೆಯದೆ ಹುಳು ಮನೆಯ ಹೊಸಿಲು ದಾಟುವಂತಿಲ್ಲ, ಬೆಂಗಳೂರಿಗೆ ಹುಳು ಒಯ್ದ ಡಬ್ಬಿ ಎಷ್ಟೇ ಚೆನ್ನಾಗಿ ತೊಳೆದಿದ್ದರೂ ಮತ್ತೆ ನಮ್ಮ ಮನೆಗೆ ಬರುವಂತಿಲ್ಲ. ಹುಡುಗ ಈಗ ಹುಳು ಒಯ್ಯಲು ಪ್ರತಿ ಸಲವೂ ಹೊಸ ರಟ್ಟಿನ ಪೆಟ್ಟಿಗೆ ತರುತ್ತಾನೆ.